ಔಷಧ ಒಂದೇ ಸಲ, ಬೆಲೆಯೂ ಒಂದೇ ಸಲವೇ?

ನಮ್ಮ ನಾನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಜೊತೆಗೆ ರಕ್ತ ಹೆಚ್ಚಿಸುವ ಇಂಜೆಕ್ಷನ್. ಮನೆಯ ಖರ್ಚು ಬರೆಯುವುದು ನನ್ನ ಕೆಲಸ. ಆ ಇಂಜೆಕ್ಷನ್ ಪ್ರತಿ ತಿಂಗಳೂ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಕೈ ಬಿಗಿಯಾದ ತಿಂಗಳು ಒಂದೆರಡು ಡೋಸ್ ತಪ್ಪಿದ್ದೂ ಉಂಟು. ಆಗ ನಾನಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತೇ ನಮಾಜ್ ಮುಗಿಸುತ್ತಾರೆ.

ಆ ಇಂಜೆಕ್ಷನ್‌ನಲ್ಲಿರುವುದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು. ಕೆಂಪು ರಕ್ತಕಣ ತಯಾರಿಸುವಂತೆ ಮೂಳೆಯ ಮಜ್ಜೆಗೆ ಹೇಳುವುದು ಅದೇ. ಅದನ್ನು ಮಾಡುವುದು ಮುಖ್ಯವಾಗಿ ಮೂತ್ರಪಿಂಡ. ಮೂತ್ರಪಿಂಡ ಸೋತರೆ ರಕ್ತವೂ ಕಡಿಮೆಯಾಗುತ್ತದೆ.

ಆ ಕೆಲಸವನ್ನು ಜೊಲ್ಲು ಗ್ರಂಥಿಗೆ ವಹಿಸಿದರೆ? ಜೊಲ್ಲು ಗ್ರಂಥಿ ಬಾಯಿಗೆ ಮಾತ್ರವಲ್ಲ, ರಕ್ತಕ್ಕೂ ಪ್ರೋಟೀನು ಬಿಡಬಲ್ಲದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ನಿರುಪದ್ರವಿ ವೈರಸ್‌ ಒಂದರಲ್ಲಿ ಈ ಹಾರ್ಮೋನಿನ ಜೀನ್ ಇಟ್ಟು, ಇಲಿಗಳ ಜೊಲ್ಲು ಗ್ರಂಥಿಗೆ ಒಮ್ಮೆ ಕೊಟ್ಟರು. ಸುಮಾರು ಒಂದು ವರ್ಷ ಹಾರ್ಮೋನು ರಕ್ತಕ್ಕೆ ಸೇರುತ್ತಲೇ ಇತ್ತು. ಇದು ಪ್ರಕಟವಾದದ್ದು 2004ರಲ್ಲಿ. ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಲೇಬೇಕೆಂದಿಲ್ಲ. ಹಾರ್ಮೋನು ಹೆಚ್ಚಾದರೆ ರಕ್ತ ಗಟ್ಟಿಯಾಗುವ ಅಪಾಯವಿದೆ. ಬೇಕಾದಾಗ ನಿಲ್ಲಿಸುವ ದಾರಿಯೂ ಬೇಕು.

ಆದರೂ ನಾನು ವಾಣಿಜ್ಯ ವಿದ್ಯಾರ್ಥಿ, ನನ್ನ ಪ್ರಶ್ನೆ ಬೇರೆ. ಇಂಜೆಕ್ಷನ್ ರಾಜಸ್ವ ವೆಚ್ಚ, ತಿಂಗಳು ತಿಂಗಳು ಹೋಗುವಂಥದ್ದು. ಜೀನ್ ಚಿಕಿತ್ಸೆ ಬಂಡವಾಳ ವೆಚ್ಚ, ಒಮ್ಮೆ ಹಾಕಿ ಹಲವು ವರ್ಷ ಫಲ ಪಡೆಯುವಂಥದ್ದು. ಲೆಕ್ಕದಲ್ಲಿ ಎರಡನೆಯದೇ ಲಾಭವಿರಬಹುದು. ಆದರೆ ನಮ್ಮಂಥ ಮನೆಗಳು ಸಣ್ಣ ಸಣ್ಣ ಮೊತ್ತವನ್ನು ಹೇಗೋ ಹೊಂದಿಸುತ್ತವೆ, ದೊಡ್ಡ ಮೊತ್ತವನ್ನಲ್ಲ. ಸ್ನಾಯು ಕಾಯಿಲೆಯ ಮಕ್ಕಳಿಗೆ ಕೊಡುವ ಜೋಲ್ಜೆನ್ಸ್ಮಾ ಎಂಬ ಜೀನ್ ಔಷಧದ ಒಂದು ಡೋಸಿಗೆ 2019ರಲ್ಲಿ ಅಮೆರಿಕದಲ್ಲಿ ಇಟ್ಟ ಬೆಲೆ 21 ಲಕ್ಷ ಡಾಲರ್!

ಕಂಪನಿಗೆ ಹಾಕಿದ ಹಣ ಮರಳಬೇಕು, ಒಪ್ಪುತ್ತೇನೆ. ಆದರೆ ಇಲಿಗಳ ಆ ಪ್ರಯೋಗಕ್ಕೆ ಹಣ ಕೊಟ್ಟಿದ್ದು ಸರ್ಕಾರ, ಅಂದರೆ ಜನ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಷ್ಟು ಉದಾರತೆಯನ್ನು ಎಲ್ಲರಿಂದ ಕೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಇಂಥ ಚಿಕಿತ್ಸೆ ಬಂದ ದಿನ ಬೆಲೆಯನ್ನು ವರ್ಷದ ಕಂತುಗಳಲ್ಲಿ ಪಡೆಯಲಿ. ಔಷಧ ಕೆಲಸ ಮಾಡುವವರೆಗೆ ಮಾತ್ರ ಕಂತು. ನಿಂತರೆ ಕಂತೂ ನಿಲ್ಲಲಿ. ಬಡವರ ಕಂತನ್ನು ಸರ್ಕಾರ ಕಟ್ಟಲಿ.

ಇದನ್ನೆಲ್ಲ ನಾನಿಗೆ ಹೇಳಿದೆ. "ಬೇಟಾ, ಈ ತಿಂಗಳದ್ದು ಬರೆದ್ಯಾ?" ಅಂದರು. ಬರೆದಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ