ಕಿರ್ದಿ ಮೊದಲು, ಖಾತೆ ಆಮೇಲೆ

ಪರೀಕ್ಷಾ ಶುಲ್ಕವನ್ನು ಮೊಬೈಲಿನಲ್ಲಿ ಕಟ್ಟುತ್ತೀರಿ. ‘ಸ್ವೀಕರಿಸಲಾಗಿದೆ’ ಎಂಬ ಸಾಲು ಪರದೆಯ ಮೇಲೆ ಮೂಡಿದ ಮರುಕ್ಷಣವೇ ಆ ಕಡೆಯ ಸರ್ವರ್‌ಗೆ ಕರೆಂಟು ಹೋಯಿತು ಎನ್ನೋಣ. ನಿಮ್ಮ ಅರ್ಜಿ ಉಳಿದಿರುತ್ತದೆಯೇ? ಅದನ್ನು ನಿರ್ಧರಿಸುವುದು ಡೇಟಾಬೇಸಿನ ಒಂದು ಪುಟ್ಟ ಅಂಕಿ.

ಅಂಗಡಿಯ ಯಜಮಾನರು ವ್ಯಾಪಾರ ನಡೆದಂತೆಲ್ಲ ಕಿರ್ದಿಯಲ್ಲಿ ಸಾಲಾಗಿ ಬರೆಯುತ್ತಾರೆ. ಅದನ್ನು ಅವರವರ ಖಾತೆಗೆ ಏರಿಸುವುದು ಬಿಡುವಾದಾಗ. ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸಿನ ಕ್ರಮವೂ ಇದೇ. ಬದಲಾವಣೆಯನ್ನು ಮೊದಲು ‘ಲಾಗ್’ ಎಂಬ ಕಿರ್ದಿಯಲ್ಲಿ ಬರೆಯುತ್ತದೆ. ಕೋಷ್ಟಕಗಳಿಗೆ ನಿಧಾನವಾಗಿ ಇಳಿಸುತ್ತದೆ. ಡಿಸ್ಕಿನಲ್ಲಿ ಚದುರಿದ ಜಾಗಗಳನ್ನು ಹುಡುಕಿ ಬರೆಯುವುದಕ್ಕಿಂತ ಸಾಲಾಗಿ ಬರೆಯುವುದು ಬೇಗ. ಕರೆಂಟು ಹೋಗಿ ಬಂದರೆ ಕಿರ್ದಿ ಓದಿ ಖಾತೆ ಸರಿಪಡಿಸಿಕೊಳ್ಳುತ್ತದೆ. ಇಂಥ ಚೇತರಿಕೆಗೆ ಅಚ್ಚುಕಟ್ಟಾದ ವಿಧಾನ ತೋರಿದ ‘ಏರೀಸ್’ ಪ್ರಬಂಧ 1992ರದು. ಅದರ ಮೊದಲ ಲೇಖಕ ಸಿ. ಮೋಹನ್ ಮದ್ರಾಸ್ ಐಐಟಿಯಲ್ಲಿ ಓದಿದವರು.

ಇನ್ನು ಸ್ಮೃತಿ, ಅಂದರೆ ರ‍್ಯಾಮ್. ಇದು ಯಜಮಾನರ ಮೇಜು; ಡಿಸ್ಕು ಒಳಕೋಣೆಯ ಬೀರು. ಮೈಎಸ್‌ಕ್ಯೂಎಲ್ 8.4ರಲ್ಲಿ ನಾವೇನೂ ಹೇಳದಿದ್ದರೆ ಈ ಮೇಜಿಗೆ ಸಿಗುವ ಜಾಗ 128 ಎಂಬಿ ಮಾತ್ರ. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇದು ಜಿಪುಣತನವೇ ಸರಿ. ಡೇಟಾಬೇಸಿಗೆಂದೇ ಮೀಸಲಾದ ಯಂತ್ರವಾದರೆ ಶೇ. 80ರವರೆಗೂ ಕೊಡಬಹುದೆಂದು ಅದರ ಕೈಪಿಡಿ ಹೇಳುತ್ತದೆ. ಆಸೆಗೆ ಬಿದ್ದು ಇನ್ನೂ ಹೆಚ್ಚಿಸಿದರೆ ಆಪರೇಟಿಂಗ್ ಸಿಸ್ಟಂ ಜಾಗವಿಲ್ಲದೆ ರ‍್ಯಾಮಿನ ಸರಕನ್ನೇ ಡಿಸ್ಕಿಗೆ ಸಾಗಿಸತೊಡಗುತ್ತದೆ. ಆಗ ಕೆಲಸ ಮೊದಲಿಗಿಂತ ನಿಧಾನ.

ಕಿರ್ದಿ ಪುಸ್ತಕ ತೀರ ತೆಳ್ಳಗಿದ್ದರೆ ಬೇಗ ತುಂಬಿ, ಗಿರಾಕಿಗಳನ್ನು ನಿಲ್ಲಿಸಿ ಖಾತೆ ಬರೆಯಬೇಕಾಗುತ್ತದೆ. ತೀರ ದಪ್ಪವಾದರೆ ಅವಘಡದ ನಂತರ ಓದಿ ಮುಗಿಸಲು ಹೊತ್ತು ಹಿಡಿಯುತ್ತದೆ.

ಈಗ ಆ ಅಂಕಿಗೆ ಬರೋಣ. ಹೆಸರು ಮಾರುದ್ದ: ‘ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್’. ಅದು 1 ಆಗಿದ್ದರೆ ಕಿರ್ದಿಯ ಸಾಲು ಡಿಸ್ಕಿಗೆ ತಲುಪಿದ ಮೇಲೆಯೇ ‘ಸ್ವೀಕರಿಸಲಾಗಿದೆ’ ಎಂಬ ಉತ್ತರ. 2 ಆಗಿದ್ದರೆ ಉತ್ತರ ಮೊದಲೇ ಬರುತ್ತದೆ. ಸಾಲು ಡಿಸ್ಕಿಗೆ ಸೇರುವುದು ಸುಮಾರು ಸೆಕೆಂಡಿಗೊಮ್ಮೆ. ಆ ನಡುವೆ ಕರೆಂಟು ಹೋದರೆ ಶುಲ್ಕ ಕಟ್ಟಿದ್ದಕ್ಕೆ ಆ ಡೇಟಾಬೇಸಿನಲ್ಲಿ ಗುರುತೇ ಇರದು. 0 ಆದರೆ ಕರೆಂಟು ಇದ್ದೂ ಡೇಟಾಬೇಸ್ ಕುಸಿದರೆ ಅದೇ ಗತಿ.

ವೇಗಕ್ಕಾಗಿ ಮೊದಲು ಇದಕ್ಕೇ ಕೈ ಹಾಕುವವರಿದ್ದಾರೆ. ಜಾಲತಾಣಕ್ಕೆ ಎಷ್ಟು ಮಂದಿ ಬಂದರು ಎಂಬ ಲೆಕ್ಕಕ್ಕಾದರೆ ಆಗಲಿ. ಶುಲ್ಕಕ್ಕೆ, ಅಂಕಪಟ್ಟಿಗೆ 1 ಇರಬೇಕು. ನಿಧಾನವೆನಿಸಿದರೆ ಮೇಜನ್ನೂ ಕಿರ್ದಿಯ ಗಾತ್ರವನ್ನೂ ನೋಡಲಿ.

ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳು ಮೈಎಸ್‌ಕ್ಯೂಎಲ್ ಅನ್ನು ಉಚಿತವಾಗಿ ಪಡೆಯಬಹುದು. 1ರಲ್ಲೊಮ್ಮೆ, 2ರಲ್ಲೊಮ್ಮೆ ಸಾವಿರ ಸಾಲುಗಳನ್ನು ಒಂದೊಂದಾಗಿ ಸೇರಿಸಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಪ್ಲಗ್ ಕೀಳುವ ಪ್ರಯೋಗ ಮಾತ್ರ ಅಪ್ಪನ ಯಂತ್ರದ ಮೇಲೆ ಬೇಡ.