ಇಟ್ಟು ಓಡ್ಬೇಡಿ, ಪಕ್ಕದಲ್ಲೇ ನಿಂತ್ಕೊಳ್ಳಿ

ಫುಟ್‌ಪಾತ್ ಮೇಲೆ ಒಂದು ಪುಟ್ಟ ಗೊಂಬೆ ಇಟ್ಟು, ರೀಲ್ ಮಾಡಿ, ಹಾಸ್ಟೆಲ್‌ಗೆ ವಾಪಸ್ ಬಂದ್ಬಿಟ್ರೆ ಕೆಲಸ ಅರ್ಧ ಮಾತ್ರ ಆಗಿರುತ್ತೆ. ಇನ್ನರ್ಧ ಅಂದ್ರೆ ಅದರ ಪಕ್ಕ ನಿಂತು ಜನರ ಜೊತೆ ಮಾತಾಡೋದು. ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ, ಯಾಕಂದ್ರೆ ಮೊದಲ ಸಲ ನಾನೂ ಇಟ್ಟು ಓಡಿದ್ದೆ.

ನಮ್ಮ ಗೇಟ್ ಎದುರಿನ ಬಸ್ ಸ್ಟಾಪ್ ಹತ್ರ ಫುಟ್‌ಪಾತಿನ ಒಂದು ಚಪ್ಪಡಿ ಮುರಿದಿರೋದು ನಿಮಗೆಲ್ಲ ಗೊತ್ತು. ಮಳೆ ಬಂದ್ರೆ ಅಲ್ಲಿ ನೀರು ನಿಲ್ಲುತ್ತೆ. ಕಳೆದ ಸೆಮ್‌ನಲ್ಲಿ ನಾವು ಮೂರು ಜನ ಸೇರಿ ತಂತಿ, ಎಂ-ಸೀಲ್ ತಗೊಂಡು ಎರಡಿಂಚಿನ ಒಬ್ಬ ಮನುಷ್ಯನನ್ನ ಮಾಡಿದ್ವಿ. ಐಸ್‌ಕ್ರೀಂ ಕಡ್ಡಿಯ ಬೆಂಚ್ ಮೇಲೆ ಕೂತು, ಗಾಳ ಹಾಕಿ, ಆ ನೀರಲ್ಲಿ ಮೀನು ಹಿಡೀತಿರೋ ಮನುಷ್ಯ. ಒಟ್ಟು ಖರ್ಚು 70 ರೂಪಾಯಿ.

ಐಡಿಯಾ ಪೂರ್ತಿ ನಮ್ಮದಲ್ಲ. ಸ್ಲಿಂಕಾಚು ಅನ್ನೋ ಹೆಸರಿನ ಬ್ರಿಟಿಷ್ ಕಲಾವಿದರೊಬ್ಬರು 2006ರಿಂದ ಆಟಿಕೆ ರೈಲು ಸೆಟ್‌ಗಳ ಪುಟಾಣಿ ಮನುಷ್ಯರನ್ನ ತಿದ್ದಿ, ಲಂಡನ್ ಬೀದಿಗಳಲ್ಲಿ ಇಟ್ಟು, ಫೋಟೋ ತೆಗೆದು, ಅಲ್ಲೇ ಬಿಟ್ಟು ಹೋಗ್ತಾರೆ. ನಮ್ಮಲ್ಲೇ ಬಾದಲ್ ನಂಜುಂಡಸ್ವಾಮಿ ಇದಾರೆ. ಮೈಸೂರಿನ ಕಾವಾದಲ್ಲಿ ಕಲಿತವರು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ನಿಜವಾದ ಸೈಜಿನ ಮೊಸಳೆ ಮಾಡಿ ಇಟ್ಟಿದ್ರು.

ನಾವು ನಮ್ಮ ಗೊಂಬೆ ಇಟ್ವಿ, ವಿಡಿಯೋ ತೆಗೆದ್ವಿ, ಓಡಿ ಬಂದ್ವಿ. ಮರುದಿನ ಬೆಳಿಗ್ಗೆ ನೋಡಿದ್ರೆ ಮೀನುಗಾರ ಮಾಯ. ಗುಡಿಸ್ತಿದ್ದ ಪೌರಕಾರ್ಮಿಕ ಅಕ್ಕನ ಹತ್ರ ಸ್ವಲ್ಪ ಕೋಪದಲ್ಲೇ ಕೇಳಿದೆ. ಅವರು ಕೋಪ ಮಾಡ್ಕೊಳ್ಳದೆ ಹೇಳಿದ್ರು: "ಬಿದ್ದಿರೋದನ್ನೆಲ್ಲ ಗುಡಿಸೋದು ನನ್ ಕೆಲ್ಸ ಕಣಪ್ಪಾ. ಪಕ್ಕದಲ್ಲಿ ಯಾರೂ ಇರ್ಲಿಲ್ಲ. ನಿಮ್ದು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

ಉತ್ತರ ಇರ್ಲಿಲ್ಲ. ನಾವು ಸ್ಟೈಲಾಗಿ 'ಟೆಂಪರರಿ ಆರ್ಟ್' ಅಂತಿದ್ದದ್ದು ಅವರ ಪಾಲಿಗೆ ಇನ್ನೊಂದು ಚೂರು ಕಸ.

ಎರಡನೇ ಸಲ ಇಟ್ಟಾಗ ಸಂಜೆ 4ರಿಂದ 6ರವರೆಗೆ ಅಲ್ಲೇ ನಿಂತ್ವಿ. ಮೊದಲು ಬಂದಿದ್ದು ಒಬ್ಬರು ವಯಸ್ಸಾದವರು. "ಏನ್ರಪ್ಪಾ ಇದು?" ಅಂದ್ರು. ನಾನು "ಅಂಕಲ್, ಇದು ಇನ್‌ಸ್ಟಲೇಷನ್" ಅಂದೆ. "ಓಹೋ, ಕೇಬಲ್‌ನೋರಾ? ಮೂರು ದಿನದಿಂದ ನಮ್ಮನೇಲಿ ನೆಟ್ ಇಲ್ಲ" ಅಂದ್ರು!

ನಗು ಬಂತು, ಆಮೇಲೆ ನಾಚಿಕೆನೂ ಆಯ್ತು. ನರ್ಸರಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದೋನು ನಾನು. ಮನೆಯಲ್ಲಿ ಕನ್ನಡ ಮಾತಾಡ್ತೀನಿ, ಆದ್ರೆ ನಾನು ಮಾಡಿದ ಕೆಲಸ ಏನು, ಯಾಕೆ ಅಂತ ಕನ್ನಡದಲ್ಲಿ ಯಾರಿಗೂ ವಿವರಿಸಿರ್ಲಿಲ್ಲ. ತಡವರಿಸ್ತಾ ಹೇಳಿದೆ: "ಈ ಗುಂಡಿ ಮುಚ್ಚೋರಿಲ್ಲ ಅಂಕಲ್, ಅದಕ್ಕೆ ಇದನ್ನ ಕೆರೆ ಅಂದ್ಕೊಂಡು ಇವನು ಮೀನು ಹಿಡೀತಿದಾನೆ." ಅವರು ಬಗ್ಗಿ ನೋಡಿ ಜೋರಾಗಿ ನಕ್ಕರು. ಅದಾದ್ಮೇಲೆ ಅವತ್ತು ಇನ್‌ಸ್ಟಲೇಷನ್ ಅನ್ನೋ ಪದಾನೇ ಬಳಸ್ಲಿಲ್ಲ. ಬೇಕಾಗ್ಲೂ ಇಲ್ಲ.

ಆದ್ರೆ ಬಸ್ ಸ್ಟಾಪಿನ ಹೂವಿನ ಅಮ್ಮ ನಗ್ಲಿಲ್ಲ. "ಈ ಗುಂಡೀಲೇ ನಾನು ಬಿದ್ದು ಕಾಲು ಉಳುಕಿತ್ತು" ಅಂದ್ರು. ಇನ್ನೊಂದು ವಿಷಯಾನೂ ತೋರಿಸಿದ್ರು. ಹುಡುಗರು ಬಗ್ಗಿ ಫೋಟೋ ತೆಗೆಯುವಾಗ ನಡ್ಕೊಂಡು ಬರೋರು ಜಾಗ ಇಲ್ದೆ ರಸ್ತೆಗೆ ಇಳೀತಿದ್ರು. ನಮ್ಮ ಕಣ್ಣಿಗೆ ಅದು ಬಿದ್ದೇ ಇರ್ಲಿಲ್ಲ. ಅವರು ಹೇಳಿದ ಹಾಗೆ ಗೊಂಬೆಯನ್ನ ಗೋಡೆ ಕಡೆ ಅಂಚಿಗೆ ಸರಿಸಿದ್ವಿ. ನಮ್ಮ ಡಿಸೈನ್‌ಗೆ ಸಿಕ್ಕ ಮೊದಲ ಒಳ್ಳೆ ರಿವ್ಯೂ ಅದು.

ನನ್ನ ಫ್ರೆಂಡ್ ಒಬ್ಬ ಇದನ್ನ ಒಪ್ಪಲ್ಲ. "ಎರಡು ಗಂಟೆ ನಿಂತು ನಲವತ್ತು ಜನರ ಹತ್ರ ಮಾತಾಡೋದಕ್ಕಿಂತ ಒಂದು ರೀಲ್ ವೈರಲ್ ಆದ್ರೆ ಸಾಕು" ಅಂತಾನೆ. ಅವನ ಮಾತಲ್ಲೂ ಸತ್ಯ ಇದೆ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡಿಂಗ್‌ಗೆ ಕೆಲವೇ ದಿನ ಮುಂಚೆ ಬಾದಲ್ ಅವರು ಗಗನಯಾತ್ರಿ ವೇಷದ ನಟರೊಬ್ಬರನ್ನ ಗುಂಡಿ ಬಿದ್ದ ರಸ್ತೆ ಮೇಲೆ, ಚಂದ್ರನ ಮೇಲೆ ನಡೆದ ಹಾಗೆ ನಡೆಸಿ ವಿಡಿಯೋ ಮಾಡಿದ್ರು. ಅದು ವೈರಲ್ ಆಯ್ತು, ರಸ್ತೆ ರಿಪೇರಿನೂ ಶುರುವಾಯ್ತು. ನಮ್ಮ ಚಪ್ಪಡಿ ಮಾತ್ರ ಇನ್ನೂ ಹಾಗೇ ಇದೆ.

ಆದ್ರೂ ನನ್ನ ಮಾತು ಬದಲಾಗಲ್ಲ. ರೀಲ್ ನೋಡೋರಲ್ಲಿ ಹೆಚ್ಚಿನವರು ಆ ಫುಟ್‌ಪಾತ್ ಮೇಲೆ ಯಾವತ್ತೂ ನಡೆಯಲ್ಲ. ನಡೆಯೋ ಹೂವಿನ ಅಮ್ಮನ ಫೀಡ್‌ಗೆ ನಮ್ಮ ರೀಲ್ ಬರಲ್ಲ. ಅವರ ಉಳುಕಿದ ಕಾಲಿನ ಕಥೆ ನಮಗೆ ಕಾಮೆಂಟಲ್ಲೂ ಸಿಗ್ತಿರ್ಲಿಲ್ಲ.

ನಮ್ಮಜ್ಜಿ ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕ್ತಾರೆ. ಹತ್ತು ಗಂಟೆಯೊಳಗೆ ಸ್ಕೂಟರ್‌ಗಳು ಅದನ್ನ ಅಳಿಸಿರ್ತವೆ. ಅಜ್ಜಿಗೆ ಬೇಜಾರಿಲ್ಲ. ಚುಕ್ಕಿ ಇಡುವಾಗಲೇ ಎದುರು ಮನೆಯವರ ಜೊತೆ ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಸಿರ್ತಾರೆ. ಸಣ್ಣದಾಗಿ ಮಾಡೋದು, ಹೊತ್ತು ಮುಗಿದ್ಮೇಲೆ ಬಿಟ್ಟುಕೊಡೋದು, ಮಾಡ್ತಾ ಮಾತಾಡೋದು: ಇದನ್ನ ಕಲಿಯೋಕೆ ನಾವು ಲಂಡನ್ ಕಡೆ ನೋಡ್ಬೇಕಾಗಿರ್ಲಿಲ್ಲ.

ನೀವೂ ಟ್ರೈ ಮಾಡಿ. ಗೋಡೆಗೆ ಪೇಂಟ್ ಬೇಡ, ಗಮ್ ಬೇಡ. ಸಾರ್ವಜನಿಕ ಜಾಗ ಅಂದಗೆಡಿಸೋದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಅಂಗೈಯಲ್ಲಿ ಹಿಡಿಯೋಷ್ಟು ಸಣ್ಣದಾಗಿ ಮಾಡಿ. ನಡೆಯೋರಿಗೆ ದಾರಿ ಬಿಡಿ. ಕೊನೆಗೆ ಗೊಂಬೆ, ಕಡ್ಡಿ, ತಂತಿ ಎಲ್ಲ ವಾಪಸ್ ಬ್ಯಾಗಿಗೆ ಹಾಕ್ಕೊಳ್ಳಿ, ಬೆಳಿಗ್ಗೆ ಬರೋ ಅಕ್ಕನಿಗೆ ಬಿಡ್ಬೇಡಿ. ಮತ್ತೆ ಯಾರಾದ್ರೂ "ಏನ್ರಪ್ಪಾ ಇದು?" ಅಂತ ಕೇಳಿದ್ರೆ ಫೋನ್ ಕೆಳಗಿಡಿ, ಉತ್ತರ ಕೊಡಿ.

ನಮ್ಮ ಮೀನುಗಾರ ಈಗ ನನ್ನ ಪೆನ್ಸಿಲ್ ಬಾಕ್ಸಲ್ಲಿದಾನೆ. ಮುಂದಿನ ಮಳೆಗೆ ಮತ್ತೆ ಹೊರಗೆ ಬರ್ತಾನೆ. ಅವತ್ತು ಬಸ್ ಸ್ಟಾಪ್ ಹತ್ರ ನಾವು ಕಂಡ್ರೆ ಬಂದು ಮಾತಾಡಿಸಿ.