ಗುಂಪಿನ ಲೆಕ್ಕದ ಶೀಟು ಮಳೆಗೆ ಮೊದಲೇ ಆಗಬೇಕು

ಕಳೆದ ವರ್ಷ ನಮ್ಮ ಸಾವಯವ ಗುಂಪಿನ ತಪಾಸಣೆಗೆ ಒಂಬತ್ತು ದಿನ ಇರುವಾಗ ಫೋನ್ ಬಂತು. "ನೀನು ತೋಟಗಾರಿಕೆ ಓದಿದವ, ಕಂಪ್ಯೂಟರೂ ಗೊತ್ತುಂಟು. ಎಲ್ಲರ ಲೆಕ್ಕ ಒಂದು ಕಡೆ ಮಾಡಿ ಕೊಡು ಮಾರಾಯ."

ಪುತ್ತೂರು, ಸುಳ್ಯ, ಕಡಬದ 38 ಮನೆಗಳ ಅಡಿಕೆ, ಕಾಳುಮೆಣಸು, ಕೊಕ್ಕೋ ತೋಟ. ಕೆಲವರ ಲೆಕ್ಕ ನೋಟ್ ಪುಸ್ತಕದಲ್ಲಿ, ಕೆಲವರದ್ದು ಕ್ಯಾಲೆಂಡರಿನ ಹಾಳೆಯಲ್ಲಿ, ಉಳಿದದ್ದು ವಾಟ್ಸಾಪಿನಲ್ಲಿ. ಗುಂಪು ಪ್ರಮಾಣಪತ್ರದಲ್ಲಿ ಒಬ್ಬನ ತಪ್ಪು ಎಲ್ಲರಿಗೂ ತಾಗ್ತದೆ. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿಯೇ 36 ತಿಂಗಳು. ಅಷ್ಟು ಕಾದು ಪಡೆದದ್ದನ್ನು ಕಾಗದದ ಕೆಲಸದಲ್ಲಿ ಕಳೆದುಕೊಳ್ಳುವುದಾ?

ರಾತ್ರಿ ಕೂತು ಗೂಗಲ್ ಶೀಟ್ಸ್‌ನಲ್ಲಿ ಪಟ್ಟಿ ಮಾಡಿದೆ. ಅದಕ್ಕೊಂದು ಗೂಗಲ್ ಫಾರ್ಮ್ ಜೋಡಿಸಿ ಎಲ್ಲರ ಮೊಬೈಲಿಗೆ ಕಳಿಸಿದೆ. ಖರ್ಚು ಸೊನ್ನೆ. ತೊಂದರೆ ಶುರುವಾದದ್ದು ಆಮೇಲೆ.

ಮೊದಲನೆಯದು ಸರ್ವೆ ನಂಬರ್. 12/3 ಎಂದು ಶೀಟಿಗೆ ಹೊಡೆದರೆ ಅದು ತಾರೀಖು ಅಂತ ತಿಳ್ಕೊಳ್ತದೆ! 145/3 ಆದರೆ ಏನೂ ಆಗುವುದಿಲ್ಲ, ಹಾಗಾಗಿ ತಪ್ಪು ಕಣ್ಣಿಗೆ ಬೀಳಲೇ ಇಲ್ಲ. ಆ ಕಾಲಮ್ಮನ್ನು ಮೊದಲೇ 'ಪ್ಲೇನ್ ಟೆಕ್ಸ್ಟ್' ಮಾಡಿಟ್ಟರೆ ಮುಗಿಯಿತು. ಎರಡನೆಯದು ವಿಸ್ತೀರ್ಣ. ನಾವು ಹೇಳುವುದು ಸೆಂಟ್ಸ್‌ನಲ್ಲಿ, ಫಾರಂ ಕೇಳುವುದು ಹೆಕ್ಟೇರಿನಲ್ಲಿ. ಒಬ್ಬರು ಎಕರೆಯ ಜಾಗದಲ್ಲಿ 250 ಎಂದು ತುಂಬಿಸಿದರು. ಎರಡೂವರೆ ಎಕರೆಯವರು ಶೀಟಿನಲ್ಲಿ ಜಮೀನ್ದಾರರಾದರು. ಸೆಂಟ್ಸ್ ಮಾತ್ರ ಕೇಳಿ, 0.00405 ರಿಂದ ಗುಣಿಸುವ ಕೆಲಸ ಶೀಟಿಗೆ ಬಿಡಿ.

ಮೂರನೆಯದು ಕೊಳೆರೋಗದ ಮದ್ದು. ಬೋರ್ಡೋ ದ್ರಾವಣದ ತಾಮ್ರಕ್ಕೆ ಸಾವಯವದಲ್ಲಿ ಪೂರ್ತಿ ನಿಷೇಧ ಇಲ್ಲ, ಆದರೆ ಮಿತಿ ಉಂಟು, ಲೆಕ್ಕ ಬೇಕು. ಶೇಕಡಾ 1 ರ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು. ಅದರಲ್ಲಿ ತಾಮ್ರ ಸುಮಾರು ಕಾಲು ಭಾಗ, ಅಂದರೆ ಲೀಟರಿಗೆ 2.5 ಗ್ರಾಂ. 200 ಲೀಟರಿನ ಒಂದು ಬ್ಯಾರಲ್‌ಗೆ ಅರ್ಧ ಕಿಲೋ ತಾಮ್ರ. ರೈತ ಬ್ಯಾರಲ್ ಎಷ್ಟು ಎಂದು ಬರೆದರೆ ಸಾಕು, ಉಳಿದದ್ದು ಶೀಟು ಹೇಳ್ತದೆ.

ಇಷ್ಟು ಮಾಡಿದ ಹೆಮ್ಮೆಯಲ್ಲಿದ್ದಾಗ ಕಡಬದ ಕಡೆಯ ಹಿರಿಯರೊಬ್ಬರು ಹೇಳಿದರು, "ಎರಡನೇ ಮದ್ದು ಬಿಟ್ಟದ್ದು ಯಾವಾಗ ಅಂತ ನೆನಪಿಲ್ಲ. ನೀನೇ ಒಂದು ತಾರೀಖು ಹಾಕು." ಅಂಥವರು ಆರು ಮಂದಿ ಇದ್ದರು. ಒಂದು ತಾರೀಖು ಬರೆದು ಮೂಲೆ ಹಿಡಿದು ಕೆಳಗೆ ಎಳೆದರೆ ಶೀಟು ತಾನೇ ತುಂಬಿಸ್ತದೆ. ಮೊದಲ ಮದ್ದಿಗೆ 45 ದಿನ ಕೂಡಿಸಲು ಒಂದು ಸೂತ್ರ ಸಾಕು. ಸುಳ್ಳು ಹೇಳುವುದು ಅಷ್ಟು ಸುಲಭ, ಅಷ್ಟು ಚಂದ. ಗಂಟೆ ರಾತ್ರಿ ಒಂದು. ನಿಜ ಹೇಳ್ತೇನೆ, ಬೆರಳು ಅಲ್ಲಿಯವರೆಗೆ ಹೋಗಿತ್ತು.

ಹಾಕಲಿಲ್ಲ. ಆರು ಖಾನೆ ಖಾಲಿ ಬಿಟ್ಟು, ಖಾಲಿ ಯಾಕೆಂದು ಪಕ್ಕದಲ್ಲಿ ಬರೆದೆವು. ತಪಾಸಣೆಗೆ ಬಂದವರು ಅದನ್ನು ಕೊರತೆ ಎಂದೇ ದಾಖಲಿಸಿ, ಮುಂದಿನ ಸಲಕ್ಕೆ ಸರಿಪಡಿಸಲು ಹೇಳಿದರು. ಪ್ರಮಾಣಪತ್ರ ಉಳಿಯಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಆಪ್ ಮಾಡಿಸಲು ಯಾರಿಗೋ ದುಡ್ಡು ಕೊಡುವ ಮೊದಲು ನಿಮ್ಮ ಗುಂಪಿನ ಶೀಟನ್ನು ನೀವೇ ಮಾಡಿ. ಸೆಂಟ್ಸ್, ಬ್ಯಾರಲ್, ಹಿಸ್ಸೆ ನಂಬರ್ ಗೊತ್ತಿರುವುದು ನಮಗೆ. ಆದರೆ ಗಡುವು ತಲೆ ಮೇಲೆ ಬಂದಾಗ ಮಾಡಬೇಡಿ. ಆಗ ಶೀಟು ಲೆಕ್ಕ ಇಡುವುದಿಲ್ಲ, ಲೆಕ್ಕ ಹುಟ್ಟಿಸ್ತದೆ. ಮೇ ತಿಂಗಳಲ್ಲಿ, ಮೊದಲ ಮದ್ದಿಗೆ ಮೊದಲೇ ಮಾಡಿ, ಇಬ್ಬರ ತೋಟದಲ್ಲಿ ಪರೀಕ್ಷಿಸಿ, ನಂತರ ಎಲ್ಲರಿಗೂ ಕೊಡಿ.

ಪುಸ್ತಕವನ್ನೂ ಬಿಡಬೇಡಿ. ಆಟಿಯಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರು ನಮ್ಮದು. ಮದ್ದು ಬಿಟ್ಟ ದಿನ ಸಂಜೆಯೇ ಒಂದು ಸಾಲು ಬರೆದಿಟ್ಟು, ಸಿಗ್ನಲ್ ಬಂದಾಗ ಫಾರ್ಮ್ ತುಂಬಿಸಿ. ಆ ಒಂದು ಸಾಲು ಇಲ್ಲದಿದ್ದರೆ ಎಂಥ ಶೀಟು ಮಾಡಿಯೂ ಪ್ರಯೋಜನ ಇಲ್ಲ.